ಪೊಲೀಸ್ ಮತ್ತು ಅಗ್ನಿಶಾಮಕ ಸೇವೆಗಳ ಸ್ವತಂತ್ರ ಪರಿವೀಕ್ಷಣೆ: ಇಂಗ್ಲೆಂಡಿನ ಅನುಭವ ಮತ್ತು ನಮ್ಮ ನಾಗರಿಕರಿಗೆ ತಿಳಿದಿರಬೇಕಾದ ಅಂಶಗಳು

ಪೊಲೀಸ್ ಠಾಣೆಯಲ್ಲಿ ದೂರು ನೀಡುವ, ಪೊಲೀಸ್ ಪರಿಶೀಲನಾ ಪ್ರಮಾಣ ಪತ್ರಕ್ಕಾಗಿ ಅರ್ಜಿ ಸಲ್ಲಿಸುವ ಅಥವಾ ಕಟ್ಟಡಕ್ಕೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವನ್ನು ಕೋರುವ ನಾಗರಿಕರಿಗೆ ತಮ್ಮ ಅರ್ಜಿಯ ಗತಿ ಮಾತ್ರ ಕಾಣುತ್ತದೆ. ಅರ್ಜಿಯನ್ನು ಸ್ವೀಕರಿಸಿದ ಕಚೇರಿಯು ಎಲ್ಲರ ವಿಷಯದಲ್ಲಿಯೂ ತನ್ನ ಕರ್ತವ್ಯವನ್ನು ಸಮರ್ಪಕವಾಗಿ ನಿರ್ವಹಿಸುತ್ತಿದೆಯೇ ಎಂಬುದು ಬೇರೆಯೇ ಆದ ಪ್ರಶ್ನೆ. ಅದನ್ನು ನೋಡುವವರು ಯಾರು, ಅವರು ಕಂಡದ್ದನ್ನು ಸಾರ್ವಜನಿಕರಿಗೆ ತಿಳಿಸುವ ವ್ಯವಸ್ಥೆ ಇದೆಯೇ, ತಿಳಿಸಿದ ಮೇಲೆ ಏನಾಗುತ್ತದೆ ಎಂಬ ವಿಷಯಗಳು ಅರ್ಜಿದಾರರ ಗಮನಕ್ಕೆ ಬರುವುದು ವಿರಳ. ಈ ಕಾರ್ಯಕ್ಕಾಗಿಯೇ ಪ್ರತ್ಯೇಕ ಶಾಸನಬದ್ಧ ಸಂಸ್ಥೆಯೊಂದನ್ನು ಹೊಂದಿರುವ ಇಂಗ್ಲೆಂಡ್ ಮತ್ತು ವೇಲ್ಸ್‌ನ ಅನುಭವವನ್ನು ಈ ಪುಟದಲ್ಲಿ ವಿವರಿಸಲಾಗಿದೆ. ನಮ್ಮ ರಾಜ್ಯದಲ್ಲಿ ಇದೇ ಉದ್ದೇಶಕ್ಕೆ ಲಭ್ಯವಿರುವ ಮಾರ್ಗಗಳನ್ನು ಕೊನೆಯಲ್ಲಿ ತಿಳಿಸಲಾಗಿದೆ.

ಹಿನ್ನೆಲೆ

ಇಂಗ್ಲೆಂಡಿನಲ್ಲಿ ಪೊಲೀಸ್ ಪಡೆಗಳು ಮೊದಲಿನಿಂದಲೂ ಸ್ಥಳೀಯವಾದವು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಪ್ರತಿಯೊಂದು ಕೌಂಟಿ ಹಾಗೂ ಪಟ್ಟಣವು ತನಗೆ ತೋಚಿದ ರೀತಿಯಲ್ಲಿ ಪಡೆಯನ್ನು ಕಟ್ಟಿಕೊಂಡಿತ್ತು. ಕೆಲವು ಕಡೆ ಪಡೆಯೇ ಇರಲಿಲ್ಲ. 1856ರ ಕೌಂಟಿ ಮತ್ತು ಬರೋ ಪೊಲೀಸ್ ಅಧಿನಿಯಮವು ಪಡೆಗಳನ್ನು ಕಡ್ಡಾಯಗೊಳಿಸಿತು. ಅದರೊಂದಿಗೆ ಅವುಗಳ ಸ್ಥಿತಿ ಮತ್ತು ದಕ್ಷತೆಯನ್ನು ವಿಚಾರಿಸಿ ವರದಿ ಮಾಡಲು ರಾಜಪ್ರಭುತ್ವದ ಹೆಸರಿನಲ್ಲಿ ಪರಿವೀಕ್ಷಕರನ್ನು ನೇಮಿಸುವ ಅವಕಾಶವನ್ನೂ ಕಲ್ಪಿಸಿತು. ಅವರ ವರದಿಗಳನ್ನು ಸಂಸತ್ತಿನ ಮುಂದಿಡಬೇಕಾಗಿತ್ತು. ದಕ್ಷವೆಂದು ಪ್ರಮಾಣೀಕೃತವಾದ ಪಡೆಗೆ ವೇತನ ಮತ್ತು ಸಮವಸ್ತ್ರದ ವೆಚ್ಚದ ನಾಲ್ಕನೆಯ ಒಂದು ಭಾಗವನ್ನು ಕೇಂದ್ರ ಖಜಾನೆಯು ಭರಿಸುತ್ತಿತ್ತು. 1874ರಲ್ಲಿ ಈ ಅನುದಾನವನ್ನು ಅರ್ಧಕ್ಕೆ ಏರಿಸಲಾಯಿತು. ಪ್ರಮಾಣ ಪತ್ರ ದೊರೆಯದ ಪಡೆಗೆ ಅನುದಾನವೂ ದೊರೆಯುತ್ತಿರಲಿಲ್ಲ. ಪಡೆಗಳ ಮೇಲೆ ಆಜ್ಞೆ ಹೊರಡಿಸುವ ಅಧಿಕಾರವಿಲ್ಲದ ಪರಿವೀಕ್ಷಕರ ಮಾತಿಗೆ ತೂಕ ಬಂದದ್ದು ಈ ಹಣದಿಂದ ಎಂದರೆ ತಪ್ಪಾಗಲಾರದು.

ಇಲ್ಲಿ ಪದವೊಂದರ ವಿಷಯವನ್ನು ಗಮನಿಸಬಹುದು. ಇದಾದ ಐದು ವರ್ಷಗಳಲ್ಲಿ, ಅಂದರೆ 1861ರಲ್ಲಿ, ಬ್ರಿಟಿಷ್ ಭಾರತಕ್ಕೆ ಪೊಲೀಸ್ ಅಧಿನಿಯಮವು ಜಾರಿಗೆ ಬಂದಿತು. ಅದರಲ್ಲಿಯೂ 'ಇನ್‌ಸ್ಪೆಕ್ಟರ್' ಎಂಬ ಪದವಿದೆ. ಆದರೆ ಅರ್ಥ ಬೇರೆ. ಇಂಗ್ಲೆಂಡಿನ ಪರಿವೀಕ್ಷಕನು ಪಡೆಯ ಹೊರಗೆ ನಿಂತು ಅದನ್ನು ನೋಡುವವನು. ಭಾರತದಲ್ಲಿ ಇನ್‌ಸ್ಪೆಕ್ಟರ್ ಜನರಲ್ ಎಂಬುವರು ಪಡೆಯ ಮುಖ್ಯಸ್ಥರೇ ಆದರು. ಪ್ರಾಂತ್ಯದ ಪೊಲೀಸ್ ಆಡಳಿತವನ್ನು ಅವರಿಗೇ ವಹಿಸಲಾಯಿತು. ಇಂದಿಗೂ ಕನ್ನಡದಲ್ಲಿ ನಿರೀಕ್ಷಕ, ಉಪ ನಿರೀಕ್ಷಕ, ಮಹಾ ನಿರೀಕ್ಷಕ ಎಂಬ ಪದನಾಮಗಳೆಲ್ಲವೂ ಪಡೆಯ ಒಳಗಿನವೇ ಆಗಿವೆ. ಮೇಲಧಿಕಾರಿಗಳು ಠಾಣೆಗಳಿಗೆ ಭೇಟಿ ನೀಡಿ ನಡೆಸುವ ವಾರ್ಷಿಕ ಪರಿವೀಕ್ಷಣೆಯು ಆಡಳಿತಕ್ಕೆ ಅತ್ಯಾವಶ್ಯಕವಾದುದು. ಆದರೆ ಅದು ಮನೆಯ ಯಜಮಾನ ಮನೆಯ ಲೆಕ್ಕ ನೋಡಿದಂತೆ. ಹೊರಗಿನವರು ನೋಡಿ ಊರಿಗೆ ತಿಳಿಸಿದಂತೆ ಅಲ್ಲ.

1856ರಲ್ಲಿ ಆರಂಭವಾದ ಸಂಸ್ಥೆಯು ಅನೇಕ ಬದಲಾವಣೆಗಳೊಂದಿಗೆ ಇಂದಿಗೂ ಮುಂದುವರಿದಿದೆ. 2011ರ ಪೊಲೀಸ್ ಸುಧಾರಣೆ ಮತ್ತು ಸಾಮಾಜಿಕ ಹೊಣೆಗಾರಿಕೆ ಅಧಿನಿಯಮವು ಸಂಸ್ಥೆಯ ಕಾರ್ಯಕ್ರಮ ಪಟ್ಟಿಯನ್ನು ಸಂಸತ್ತಿನ ಮುಂದಿಡುವಂತೆ ಮಾಡಿ ಅದರ ಸ್ವಾತಂತ್ರ್ಯವನ್ನು ಹೆಚ್ಚಿಸಿತು. 2012ರಲ್ಲಿ ಟಾಮ್ ವಿನ್ಸರ್ ಅವರನ್ನು ಮುಖ್ಯ ಪರಿವೀಕ್ಷಕರನ್ನಾಗಿ ನೇಮಿಸಲಾಯಿತು. ಅವರು ವೃತ್ತಿಯಿಂದ ವಕೀಲರು ಹಾಗೂ ಹಿಂದೆ ರೈಲ್ವೆ ನಿಯಂತ್ರಕರಾಗಿದ್ದವರು. ಪೊಲೀಸ್ ಸೇವೆಯಿಂದ ಬಾರದ ವ್ಯಕ್ತಿಯೊಬ್ಬರು ಈ ಹುದ್ದೆಗೆ ಬಂದದ್ದು ಅದೇ ಮೊದಲು. ಪೊಲೀಸರ ನಡುವೆ ಈ ನೇಮಕದ ಬಗ್ಗೆ ಅಸಮಾಧಾನ ಇದ್ದಿತು. ಪೊಲೀಸ್ ಕೆಲಸ ಮಾಡಿ ಅನುಭವವಿಲ್ಲದವರು ಅದನ್ನು ಅಳೆಯುವುದು ಹೇಗೆ ಎಂಬ ಆಕ್ಷೇಪಣೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅದೇ ರೀತಿ ಅಳೆಯುವವರೆಲ್ಲರೂ ಅದೇ ಸೇವೆಯ ನಿವೃತ್ತರಾಗಿದ್ದರೆ ಜನರು ನಂಬುವುದು ಹೇಗೆ ಎಂಬ ಪ್ರಶ್ನೆಯೂ ಅಷ್ಟೇ ನ್ಯಾಯವಾದುದು. ವಿನ್ಸರ್ ಅವರ ನಂತರ 2022ರಲ್ಲಿ ಈ ಹುದ್ದೆಗೆ ಬಂದವರು ಪುನಃ ಮಾಜಿ ಮುಖ್ಯ ಪೊಲೀಸ್ ಅಧಿಕಾರಿಗಳು.

2014ರಿಂದ 43 ಸ್ಥಳೀಯ ಪಡೆಗಳನ್ನು 'ಪೀಲ್' ಎಂಬ ಕ್ರಮಬದ್ಧ ಮೌಲ್ಯಮಾಪನಕ್ಕೆ ಒಳಪಡಿಸಲಾಗುತ್ತಿದೆ. ಪರಿಣಾಮಕಾರಿತ್ವ, ದಕ್ಷತೆ ಮತ್ತು ನ್ಯಾಯಬದ್ಧತೆ ಎಂಬ ಅಂಶಗಳ ಆಂಗ್ಲ ಆದ್ಯಕ್ಷರಗಳಿಂದ ಈ ಹೆಸರನ್ನು ರಚಿಸಲಾಗಿದೆ. 1829ರಲ್ಲಿ ಗೃಹ ಸಚಿವರಾಗಿ ಲಂಡನ್ ಮೆಟ್ರೋಪಾಲಿಟನ್ ಪೊಲೀಸ್ ಪಡೆಯನ್ನು ಸ್ಥಾಪಿಸಿದ ರಾಬರ್ಟ್ ಪೀಲ್ ಅವರ ಹೆಸರನ್ನೂ ಅದು ನೆನಪಿಸುತ್ತದೆ. ಪ್ರತಿ ಪಡೆಗೆ ವಿಷಯವಾರು ಶ್ರೇಣಿ ನೀಡಿ, ವರದಿಯನ್ನು ಯಾರು ಬೇಕಾದರೂ ಓದುವಂತೆ ಪ್ರಕಟಿಸಲಾಗುತ್ತದೆ. ಅತ್ಯುತ್ತಮ, ಉತ್ತಮ, ಸುಧಾರಣೆ ಅಗತ್ಯ, ಅಸಮರ್ಪಕ ಎಂಬುವು ಆರಂಭದ ಶ್ರೇಣಿಗಳು. ಇವುಗಳ ನಡುವೆ ಸಮಾಧಾನಕರ ಎಂಬ ಇನ್ನೊಂದು ಶ್ರೇಣಿಯನ್ನು ಅನಂತರ ಸೇರಿಸಲಾಯಿತು.

ದಾಖಲಾಗದ ದೂರಿನ ಲೆಕ್ಕ

ಈ ಸಂಸ್ಥೆಯ ಕಾರ್ಯಗಳ ಪೈಕಿ ಸಾಮಾನ್ಯ ಅರ್ಜಿದಾರರಿಗೆ ಅತ್ಯಂತ ಹತ್ತಿರವಾದುದು ದೂರುಗಳ ದಾಖಲಾತಿಯ ಪರಿಶೀಲನೆ. 2014ರ ಜನವರಿಯಲ್ಲಿ ಬ್ರಿಟನ್ನಿನ ಅಂಕಿಅಂಶ ಪ್ರಾಧಿಕಾರವು ಪೊಲೀಸರು ದಾಖಲಿಸುವ ಅಪರಾಧಗಳ ಅಂಕಿಅಂಶಗಳಿಗೆ ನೀಡಿದ್ದ 'ರಾಷ್ಟ್ರೀಯ ಅಂಕಿಅಂಶ' ಎಂಬ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ಅಂಕಿಅಂಶಗಳ ಪ್ರಕಾರ ಅಪರಾಧ ಇಳಿಯುತ್ತಿತ್ತು; ಆದರೆ ಅಪರಾಧ ಇಳಿಯುತ್ತಿದೆಯೋ ಅಥವಾ ಅದನ್ನು ಬರೆದುಕೊಳ್ಳುವುದು ಇಳಿಯುತ್ತಿದೆಯೋ ಎಂಬುದು ಖಚಿತವಿರಲಿಲ್ಲ.

ಪರಿವೀಕ್ಷಣಾ ಸಂಸ್ಥೆಯು ಇದನ್ನು ಪರಿಶೀಲಿಸಿದ ವಿಧಾನವು ಲೆಕ್ಕಪರಿಶೋಧನೆಯನ್ನು ಬಲ್ಲವರಿಗೆ ಪರಿಚಿತವಾದುದು. ಖಾತೆ ಪುಸ್ತಕದಲ್ಲಿರುವ ನಮೂದುಗಳನ್ನು ಹಿಡಿದು ಅವುಗಳಿಗೆ ಓಚರು ಇದೆಯೇ ಎಂದು ನೋಡಿದರೆ ಸುಳ್ಳು ನಮೂದು ಸಿಕ್ಕೀತು. ಬಿಟ್ಟುಹೋದ ನಮೂದು ಎಂದಿಗೂ ಸಿಗದು. ಬಿಟ್ಟುಹೋದುದನ್ನು ಕಂಡುಹಿಡಿಯಬೇಕಾದರೆ ಓಚರಿನಿಂದ ಹೊರಟು ಖಾತೆಗೆ ಹೋಗಬೇಕು. ಅಪರಾಧ ದಾಖಲಾತಿಯಲ್ಲಿ ಓಚರು ಎಂದರೆ ನಾಗರಿಕನ ದೂರವಾಣಿ ಕರೆ. ಆದುದರಿಂದ ಪರಿವೀಕ್ಷಕರು ಅಪರಾಧ ವಹಿಯಿಂದ ಆರಂಭಿಸಲಿಲ್ಲ. ನಿಯಂತ್ರಣ ಕೊಠಡಿಗಳಿಗೆ ಬಂದ ಕರೆಗಳ ಧ್ವನಿಮುದ್ರಣ ಹಾಗೂ ಘಟನಾ ವರದಿಗಳ ಮಾದರಿಗಳನ್ನು ತೆಗೆದುಕೊಂಡು, ಕರೆ ಮಾಡಿದವರು ಹೇಳಿದ್ದರಲ್ಲಿ ಅಪರಾಧವೊಂದು ಇತ್ತೇ, ಇದ್ದಲ್ಲಿ ಅದು ವಹಿಯಲ್ಲಿ ಕಂಡುಬರುತ್ತದೆಯೇ ಎಂದು ನೋಡಿದರು.

2014ರ ನವೆಂಬರ್‌ನಲ್ಲಿ ಪ್ರಕಟವಾದ ವರದಿಯ ಪ್ರಕಾರ ಪೊಲೀಸರಿಗೆ ತಿಳಿಸಲಾದ ಅಪರಾಧಗಳ ಪೈಕಿ ಸರಾಸರಿ ಶೇ. 19ರಷ್ಟು ದಾಖಲಾಗಿರಲಿಲ್ಲ. ಇದು ವರ್ಷಕ್ಕೆ 8 ಲಕ್ಷಕ್ಕೂ ಹೆಚ್ಚು ಅಪರಾಧಗಳಿಗೆ ಸಮ. ವ್ಯಕ್ತಿಗಳ ಮೇಲಿನ ಹಿಂಸಾಚಾರದ ಪ್ರಕರಣಗಳಲ್ಲಿ ಶೇ. 33, ಲೈಂಗಿಕ ಅಪರಾಧಗಳಲ್ಲಿ ಶೇ. 26 ಬಿಟ್ಟುಹೋಗಿದ್ದವು. ಅಂದರೆ ಅತಿ ಹೆಚ್ಚು ನೊಂದವರ ದೂರುಗಳೇ ಅತಿ ಹೆಚ್ಚಾಗಿ ಬಿಟ್ಟುಹೋಗಿದ್ದವು. ದಾಖಲಾದ ನಂತರ 'ಅಪರಾಧವಲ್ಲ' ಎಂದು ರದ್ದುಪಡಿಸಿದ 3,246 ತೀರ್ಮಾನಗಳನ್ನು ಪರಿಶೀಲಿಸಿದಾಗ 664 ತೀರ್ಮಾನಗಳು ತಪ್ಪೆಂದು ಕಂಡುಬಂದವು. ಅವುಗಳಲ್ಲಿ 200ಕ್ಕೂ ಹೆಚ್ಚು ಅತ್ಯಾಚಾರದ ಪ್ರಕರಣಗಳು. 800ಕ್ಕೂ ಹೆಚ್ಚು ಪ್ರಕರಣಗಳಲ್ಲಿ, ರದ್ದತಿಯ ವಿಷಯವನ್ನು ದೂರುದಾರರಿಗೆ ತಿಳಿಸಿದ ಬಗ್ಗೆ ಯಾವುದೇ ದಾಖಲೆ ಇರಲಿಲ್ಲ.

ದೂರುದಾರರ ದೃಷ್ಟಿಯಿಂದ ಇದರ ಅರ್ಥ ಸರಳವಾದುದು. ವಹಿಗೆ ಬಾರದ ದೂರಿಗೆ ತನಿಖಾಧಿಕಾರಿ ಇರುವುದಿಲ್ಲ, ಗಡುವು ಇರುವುದಿಲ್ಲ. ಆಕೆಯು ಎರಡನೆಯ ಬಾರಿ ಕರೆ ಮಾಡಿದಾಗ ಅದು ಮತ್ತೆ ಮೊದಲನೆಯ ಕರೆಯಾಗಿಯೇ ಪರಿಗಣಿತವಾಗುತ್ತದೆ. ಮನೆಯೊಳಗಿನ ದೌರ್ಜನ್ಯದಂತಹ, ಒಂದರ ಮೇಲೊಂದು ಸೇರಿ ಅಪಾಯವಾಗಿ ಬೆಳೆಯುವ ಪ್ರಕರಣಗಳಲ್ಲಿ ಇದರ ಪರಿಣಾಮವನ್ನು ವಿವರಿಸುವ ಅಗತ್ಯವಿಲ್ಲ.

ವರದಿ ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಗಲಿಲ್ಲ. 2020ರ ಡಿಸೆಂಬರ್‌ನಲ್ಲಿ ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸ್ ಪಡೆಯ ಬಗ್ಗೆ ಪ್ರಕಟವಾದ ವರದಿಯು, 2020ರ ಜೂನ್ 30ಕ್ಕೆ ಕೊನೆಗೊಂಡ ಒಂದು ವರ್ಷದಲ್ಲಿ ಅಂದಾಜು 80,100 ಅಪರಾಧಗಳು ದಾಖಲಾಗದೆ ಉಳಿದಿವೆಯೆಂದು ತಿಳಿಸಿತು. ತಿಳಿಸಲಾದ ಐದು ಅಪರಾಧಗಳಲ್ಲಿ ಒಂದಕ್ಕೂ ಹೆಚ್ಚು ಬಿಟ್ಟುಹೋಗುತ್ತಿತ್ತು. ದಿನಕ್ಕೆ ಸುಮಾರು 220. ಅದೇ ತಿಂಗಳಿನಲ್ಲಿ ಪಡೆಯ ಮುಖ್ಯಸ್ಥರು ಹುದ್ದೆಯನ್ನು ತೊರೆದರು. ಪಡೆಯನ್ನು ವಿಶೇಷ ನಿಗಾ ವ್ಯವಸ್ಥೆಗೆ ಒಳಪಡಿಸಿ, 2022ರಲ್ಲಿ ಅದರಿಂದ ಬಿಡುಗಡೆ ಮಾಡಲಾಯಿತು. ಲಂಡನ್ ಮೆಟ್ರೋಪಾಲಿಟನ್ ಪೊಲೀಸ್ ಪಡೆಯೂ 2022ರ ಜೂನ್‌ನಿಂದ 2025ರ ಜನವರಿಯವರೆಗೆ ಇದೇ ನಿಗಾ ವ್ಯವಸ್ಥೆಯಲ್ಲಿದ್ದಿತು. ಮ್ಯಾಂಚೆಸ್ಟರ್ ವರದಿಗೆ ಬಳಸಿದ ವಿಧಾನ ಹೊಸದೇನೂ ಆಗಿರಲಿಲ್ಲ: ಕರೆಗಳನ್ನು ಕೇಳಿ, ವಹಿಯೊಂದಿಗೆ ಹೋಲಿಸಿ, ಬಿಟ್ಟುಹೋದುದನ್ನು ಎಣಿಸುವುದು. ಇಂತಹ ಪರಿಶೀಲನೆಯನ್ನು ವರ್ಷದಿಂದ ವರ್ಷಕ್ಕೆ ಮುಂದುವರಿಸಿದ ಫಲವಾಗಿ ದೇಶದ ಒಟ್ಟು ದಾಖಲಾತಿಯ ನಿಖರತೆಯು 2014ರ ಶೇ. 80.5ರಿಂದ 2021-23ರ ಸುತ್ತಿನಲ್ಲಿ ಶೇ. 92.4ಕ್ಕೆ ಏರಿತು.

ದಾಖಲಾತಿ ಸುಧಾರಿಸಿದಾಗ ಅಪರಾಧ ಸಂಖ್ಯೆ ಏರಿದಂತೆ ಕಾಣುವುದು ಸಹಜ. ಸಂಖ್ಯೆ ಏರಿದ ಠಾಣೆಯ ಅಧಿಕಾರಿಯನ್ನು ಅಸಮರ್ಥರೆಂದು ಭಾವಿಸುವ ಪರಿಪಾಠ ಎಲ್ಲಿ ಇರುವುದೋ ಅಲ್ಲಿ ದೂರನ್ನು ಬರೆದುಕೊಳ್ಳದಿರುವ ಪ್ರಲೋಭನೆಯೂ ಇರುತ್ತದೆ. 2014ರ ವರದಿಯ ಹಿನ್ನೆಲೆಯಲ್ಲಿಯೂ ಅಪರಾಧ ಇಳಿಕೆಯ ಗುರಿಗಳು ಉಂಟುಮಾಡಿದ ಒತ್ತಡದ ಚರ್ಚೆ ಇದ್ದಿತು. ಇದು ಯಾವುದೋ ಒಂದು ದೇಶಕ್ಕೆ ಸೀಮಿತವಾದ ವಿಷಯವಲ್ಲ ಎಂಬುದನ್ನು ಓದುಗರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಅಗ್ನಿಶಾಮಕ ಸೇವೆ: ಪರಿವೀಕ್ಷಣೆ ಇಲ್ಲದ ಒಂದು ದಶಕ

ಅಗ್ನಿಶಾಮಕ ಇಲಾಖೆಯು ಸ್ವತಃ ಪರಿವೀಕ್ಷಕ ಇಲಾಖೆ. ಕಟ್ಟಡಗಳಿಗೆ ಭೇಟಿ ನೀಡಿ ಮೆಟ್ಟಿಲು, ನಿರ್ಗಮನ ದ್ವಾರ, ನೀರಿನ ತೊಟ್ಟಿ, ಎಚ್ಚರಿಕೆ ಗಂಟೆಗಳನ್ನು ಅದು ಪರಿಶೀಲಿಸುತ್ತದೆ. ಅರ್ಜಿದಾರರಿಗೆ ಅದು ಪರೀಕ್ಷಕನಂತೆ ಕಾಣುವುದರಿಂದ, ಆ ಪರೀಕ್ಷಕನನ್ನು ಪರೀಕ್ಷಿಸುವವರು ಯಾರು ಎಂಬ ಪ್ರಶ್ನೆ ಸಾಮಾನ್ಯವಾಗಿ ಏಳುವುದಿಲ್ಲ.

ಇಂಗ್ಲೆಂಡಿನಲ್ಲಿ ಅಗ್ನಿಶಾಮಕ ಸೇವೆಗಳಿಗೆ ಹಿಂದೆ ಪ್ರತ್ಯೇಕ ಪರಿವೀಕ್ಷಣಾಲಯವಿದ್ದಿತು. 2000ದ ದಶಕದಲ್ಲಿ ಅದನ್ನು ಮುಚ್ಚಿ, ಸಲಹೆಗಾರರ ಹುದ್ದೆಯೊಂದನ್ನು ಮಾತ್ರ ಉಳಿಸಿಕೊಳ್ಳಲಾಯಿತು. ಅನಂತರದ ಸುಮಾರು ಹತ್ತು ವರ್ಷ ಸೇವೆಗಳು ಪರಸ್ಪರ ಪರಾಮರ್ಶೆಯ ಪದ್ಧತಿಯನ್ನು ಅನುಸರಿಸಿದವು; ಒಂದು ಊರಿನ ಅಗ್ನಿಶಾಮಕ ಅಧಿಕಾರಿಗಳು ಮತ್ತೊಂದು ಊರಿನ ಸೇವೆಯನ್ನು ನೋಡುತ್ತಿದ್ದರು. ನಾಳೆ ತಮ್ಮನ್ನು ನೋಡಲು ಬರುವವರ ಬಗ್ಗೆ ಇಂದು ಕಟುವಾಗಿ ಬರೆಯುವವರು ಕಡಿಮೆ. 2016ರಲ್ಲಿ ಅಂದಿನ ಗೃಹ ಸಚಿವೆ ತೆರೇಸಾ ಮೇ ಅವರು ಸ್ವತಂತ್ರ ಪರಿವೀಕ್ಷಣೆ ಇಲ್ಲದಿರುವುದನ್ನು ಸಾರ್ವಜನಿಕವಾಗಿ ಟೀಕಿಸಿದರು. 2017ರ ಪೊಲೀಸ್ ಮತ್ತು ಅಪರಾಧ ಅಧಿನಿಯಮದ ಮೇರೆಗೆ ಇಂಗ್ಲೆಂಡಿನ ಅಗ್ನಿಶಾಮಕ ಮತ್ತು ರಕ್ಷಣಾ ಸೇವೆಗಳ ಪರಿವೀಕ್ಷಣೆಯನ್ನು ಪೊಲೀಸ್ ಪರಿವೀಕ್ಷಣಾ ಸಂಸ್ಥೆಗೇ ವಹಿಸಲಾಯಿತು. ವೇಲ್ಸ್ ಮತ್ತು ಸ್ಕಾಟ್ಲೆಂಡಿನ ಅಗ್ನಿಶಾಮಕ ಸೇವೆಗಳು ಇದರ ವ್ಯಾಪ್ತಿಗೆ ಬರುವುದಿಲ್ಲ.

ಈ ವ್ಯವಸ್ಥೆಯು 2017ರ ಜುಲೈನಲ್ಲಿ ಜಾರಿಗೆ ಬಂದಿತು. ಅದಕ್ಕೆ ಒಂದು ತಿಂಗಳ ಹಿಂದೆ, ಜೂನ್ 14ರಂದು, ಲಂಡನ್ನಿನ ಗ್ರೆನ್‌ಫೆಲ್ ಟವರ್ ವಸತಿ ಕಟ್ಟಡದ ಬೆಂಕಿಯಲ್ಲಿ 72 ಜನರು ಮೃತಪಟ್ಟಿದ್ದರು. ಗ್ರೆನ್‌ಫೆಲ್ ದುರಂತದ ಕಾರಣಗಳು ಹಲವು. ಹೊರಗೋಡೆಗೆ ಅಳವಡಿಸಿದ್ದ ದಹ್ಯ ಹೊದಿಕೆಯೇ ಅದರಲ್ಲಿ ಪ್ರಧಾನ. ಪರಿವೀಕ್ಷಣಾಲಯ ಇದ್ದಿದ್ದರೆ ದುರಂತ ತಪ್ಪುತ್ತಿತ್ತು ಎಂದು ಹೇಳಲಾಗದು. ಆದರೆ 2018ರಲ್ಲಿ ಆರಂಭವಾದ ಮೊದಲ ಸುತ್ತಿನ ಪರಿವೀಕ್ಷಣೆಯಲ್ಲಿ ಕಂಡುಬಂದ ಅಂಶವೊಂದು ಈ ಹಿನ್ನೆಲೆಯಲ್ಲಿ ಮುಖ್ಯವಾಗುತ್ತದೆ. ಬೆಂಕಿ ಬಿದ್ದಾಗ ಧಾವಿಸಿ ಬರುವುದರಲ್ಲಿ ಹೆಚ್ಚಿನ ಸೇವೆಗಳು ಉತ್ತಮವಾಗಿದ್ದವು. ಬೆಂಕಿ ಬೀಳುವ ಮೊದಲು ಕಟ್ಟಡಗಳ ಸುರಕ್ಷತೆಯನ್ನು ಪರಿಶೀಲಿಸುವ ವಿಭಾಗಗಳು ಮಾತ್ರ ಅನೇಕ ಕಡೆ ಸಿಬ್ಬಂದಿಯಿಲ್ಲದೆ ಸೊರಗಿದ್ದವು. ವೆಚ್ಚ ಕಡಿತದ ವರ್ಷಗಳಲ್ಲಿ ಕತ್ತರಿ ಬಿದ್ದದ್ದು ಜನರ ಕಣ್ಣಿಗೆ ಕಾಣದ ಈ ಕೆಲಸಕ್ಕೆ. ಅಗ್ನಿಶಾಮಕ ವಾಹನ ಹತ್ತು ನಿಮಿಷ ತಡವಾದರೆ ಊರಿಗೇ ತಿಳಿಯುತ್ತದೆ. ಕಟ್ಟಡ ತಪಾಸಣೆ ಎರಡು ವರ್ಷ ತಡವಾದರೆ ಯಾರಿಗೂ ತಿಳಿಯುವುದಿಲ್ಲ.

2023ರ ಮಾರ್ಚ್‌ನಲ್ಲಿ ಸಂಸ್ಥೆಯು ಅಗ್ನಿಶಾಮಕ ಸೇವೆಗಳ ಒಳಗಿನ ನಡವಳಿಕೆಯ ಬಗ್ಗೆ 35 ಶಿಫಾರಸುಗಳುಳ್ಳ ವರದಿಯನ್ನು ಪ್ರಕಟಿಸಿತು. ಸಹೋದ್ಯೋಗಿಗಳನ್ನು ಪೀಡಿಸುವುದು, ಜನಾಂಗೀಯ ಹಾಗೂ ಲಿಂಗ ತಾರತಮ್ಯ ಇವುಗಳು ಅದರ ವಿಷಯವಾಗಿದ್ದವು. ಲಂಡನ್ ಅಗ್ನಿಶಾಮಕ ದಳದಲ್ಲಿನ ಇಂತಹ ನಡವಳಿಕೆಯನ್ನು ವಿವರವಾಗಿ ಬಯಲಿಗೆ ತಂದದ್ದು ಮಾತ್ರ ಪರಿವೀಕ್ಷಣಾ ಸಂಸ್ಥೆಯಲ್ಲ. ತರಬೇತಿಯಲ್ಲಿದ್ದ ಯುವ ಸಿಬ್ಬಂದಿಯೊಬ್ಬರ ಮರಣದ ನಂತರ ದಳವೇ ನೇಮಿಸಿ, 2022ರ ನವೆಂಬರ್‌ನಲ್ಲಿ ಪ್ರಕಟವಾದ ಪ್ರತ್ಯೇಕ ಪರಾಮರ್ಶೆ. ದಳವನ್ನು ವಿಶೇಷ ನಿಗಾಕ್ಕೆ ಒಳಪಡಿಸಿದ್ದು ಅದರ ಮುಂದಿನ ತಿಂಗಳು. ನಿಯತಕಾಲಿಕ ಪರಿವೀಕ್ಷಣೆಯು ಎಲ್ಲವನ್ನೂ ಕಂಡುಹಿಡಿಯುತ್ತದೆ ಎಂದು ಭಾವಿಸುವವರು ಈ ಅನುಕ್ರಮವನ್ನು ಗಮನಿಸತಕ್ಕದ್ದು.

ಸ್ವತಂತ್ರ ಎಂದರೆ ಎಷ್ಟು ಸ್ವತಂತ್ರ

ಸಂಸ್ಥೆಯ ವೆಚ್ಚದ ಬಹುಭಾಗವು ಗೃಹ ಸಚಿವಾಲಯದಿಂದಲೇ ಬರುತ್ತದೆ. ನಿರ್ದಿಷ್ಟ ವಿಷಯದ ಬಗ್ಗೆ ಪರಿವೀಕ್ಷಣೆ ನಡೆಸುವಂತೆ ಗೃಹ ಸಚಿವರು ಸೂಚಿಸಬಹುದು. ಹೀಗಿರುವಾಗ ಸ್ವಾತಂತ್ರ್ಯ ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರವು ಮೂರು ಸಂಗತಿಗಳಲ್ಲಿದೆ: ಪರಿವೀಕ್ಷಕರು ತಾವು ಪರಿವೀಕ್ಷಿಸುವ ಪಡೆಯ ಮುಖ್ಯಸ್ಥರ ಅಧೀನರಲ್ಲ, ದಾಖಲೆಗಳನ್ನು ತರಿಸಿಕೊಳ್ಳುವ ಹಾಗೂ ಆವರಣವನ್ನು ಪ್ರವೇಶಿಸುವ ಅಧಿಕಾರ ಅವರಿಗೆ ಕಾನೂನಿನಿಂದ ದತ್ತವಾಗಿದೆ, ತೀರ್ಪು ಅವರದೇ ಆಗಿದ್ದು ಅದನ್ನು ಪ್ರಕಟಿಸಲೇಬೇಕು. ಕೊನೆಯದು ಇಲ್ಲದಿದ್ದಲ್ಲಿ ಮೊದಲಿನ ಎರಡಕ್ಕೂ ಹೆಚ್ಚಿನ ಬೆಲೆ ಇರುತ್ತಿರಲಿಲ್ಲ.

ಆದಾಗ್ಯೂ ಶಿಫಾರಸುಗಳನ್ನು ಜಾರಿಗೊಳಿಸುವ ಅಧಿಕಾರ ಸಂಸ್ಥೆಗೆ ಇಲ್ಲ. 1856ರಲ್ಲಿದ್ದ ಅನುದಾನದ ಹಿಡಿತವೂ ಈಗ ಅದರ ಕೈಯಲ್ಲಿಲ್ಲ. ವರದಿ ಪ್ರಕಟವಾದ 56 ದಿನಗಳೊಳಗೆ ಸ್ಥಳೀಯ ಪೊಲೀಸ್ ಮತ್ತು ಅಪರಾಧ ಆಯುಕ್ತರು ತಮ್ಮ ಪ್ರತಿಕ್ರಿಯೆಯನ್ನು ಪ್ರಕಟಿಸಬೇಕೆಂಬುದು ಕಾನೂನಿನ ಕಟ್ಟಳೆ. ಶಿಫಾರಸನ್ನು ಒಪ್ಪಲೇಬೇಕೆಂಬ ಕಟ್ಟಳೆ ಇಲ್ಲ. ಒಪ್ಪದಿದ್ದಲ್ಲಿ ಏಕೆ ಎಂದು ಮತದಾರರಿಗೆ ಹೇಳಬೇಕು. 2012ರಿಂದ ಚುನಾವಣೆಯ ಮೂಲಕ ಆಯ್ಕೆಯಾಗುತ್ತಿರುವ ಈ ಆಯುಕ್ತರ ಹುದ್ದೆಗಳನ್ನು 2028ರಲ್ಲಿ ರದ್ದುಪಡಿಸುವುದಾಗಿ ಅಲ್ಲಿನ ಸರ್ಕಾರವು 2025ರ ನವೆಂಬರ್‌ನಲ್ಲಿ ಪ್ರಕಟಿಸಿದೆ.

ಮತ್ತೊಂದು ಮಿತಿಯು ನಾಗರಿಕರಿಗೆ ನೇರವಾಗಿ ಸಂಬಂಧಿಸಿದ್ದು. ಪರಿವೀಕ್ಷಣಾ ಸಂಸ್ಥೆಯು ವೈಯಕ್ತಿಕ ದೂರುಗಳನ್ನು ವಿಚಾರಣೆ ಮಾಡುವುದಿಲ್ಲ. ಪೊಲೀಸ್ ಅಧಿಕಾರಿಯ ವಿರುದ್ಧದ ದೂರು ಮೊದಲು ಆಯಾ ಪಡೆಗೆ, ಗಂಭೀರವಾದುವು ಪೊಲೀಸ್ ನಡವಳಿಕೆಯ ಸ್ವತಂತ್ರ ಕಚೇರಿಗೆ ಹೋಗುತ್ತವೆ. ಈ ಕಚೇರಿಯು 2018ರಿಂದ ಈಗಿನ ಹೆಸರಿನಲ್ಲಿ ಕಾರ್ಯನಿರ್ವಹಿಸುತ್ತಿದೆ. ಒಬ್ಬರಿಗೆ ಆದ ಅನ್ಯಾಯವನ್ನು ನೋಡುವುದು ಒಂದು ಕೆಲಸ, ಎಲ್ಲರಿಗೂ ದೊರೆಯುವ ಸೇವೆಯ ಗುಣಮಟ್ಟವನ್ನು ನೋಡುವುದು ಇನ್ನೊಂದು ಕೆಲಸ. ಇವೆರಡನ್ನೂ ಒಂದೇ ಕಚೇರಿಗೆ ವಹಿಸಿದಲ್ಲಿ ದೂರುಗಳ ರಾಶಿಯ ಕೆಳಗೆ ಪರಿವೀಕ್ಷಣೆ ಹೂತುಹೋಗುವುದು ಆಡಳಿತದ ಅನುಭವವಿರುವ ಯಾರಾದರೂ ಊಹಿಸಬಹುದಾದ ಸಂಗತಿ. ಪಡೆಗಳ ಕಡೆಯಿಂದ ಬರುವ ಆಕ್ಷೇಪಣೆಯೂ ಇದೆ: ಪರಿವೀಕ್ಷಕರಿಗೆ ಮಾಹಿತಿ ಒದಗಿಸುವುದರಲ್ಲಿಯೇ ಸಿಬ್ಬಂದಿಯ ಸಮಯ ಕಳೆಯುತ್ತದೆ, ಪರಿವೀಕ್ಷಕರು ಅಳೆಯುವುದಕ್ಕೆ ಆದ್ಯತೆ ದೊರೆತು ಅಳೆಯದಿರುವುದು ಹಿಂದೆ ಬೀಳುತ್ತದೆ. ಇದರಲ್ಲಿ ಸತ್ಯಾಂಶವಿದೆ. ಆದರೂ ಕರೆಗಳನ್ನು ಕೇಳಿ ಎಣಿಸುವವರು ಹೊರಗಿನಿಂದ ಬಾರದಿದ್ದಲ್ಲಿ ಆ 80,100 ಸಂಖ್ಯೆ ಯಾವ ಕಡತದಲ್ಲಿಯೂ ಇರುತ್ತಿರಲಿಲ್ಲ.

ಕರ್ನಾಟಕದಲ್ಲಿ

ಇದೇ ಸ್ವರೂಪದ ಪ್ರತ್ಯೇಕ ಪರಿವೀಕ್ಷಣಾ ಸಂಸ್ಥೆ ನಮ್ಮ ರಾಜ್ಯದಲ್ಲಿ ಇಲ್ಲ. ಅದರ ಕಾರ್ಯಗಳು ಹಲವು ಕಡೆ ಹಂಚಿಹೋಗಿವೆ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರ ಸೆಪ್ಟೆಂಬರ್ 22ರಂದು ನೀಡಿದ ತೀರ್ಪಿನಲ್ಲಿ ಪ್ರತಿ ರಾಜ್ಯವೂ ರಾಜ್ಯ ಭದ್ರತಾ ಆಯೋಗವನ್ನು ರಚಿಸಬೇಕೆಂದು ನಿರ್ದೇಶಿಸಲಾಗಿದೆ. ಪೊಲೀಸ್ ಪಡೆಯ ಕಾರ್ಯನಿರ್ವಹಣೆಯನ್ನು ಮೌಲ್ಯಮಾಪನ ಮಾಡಿ, ಶಾಸಕಾಂಗದ ಮುಂದಿಡಬೇಕಾದ ವರದಿಯನ್ನು ಸಿದ್ಧಪಡಿಸುವುದು ಈ ಆಯೋಗದ ಕಾರ್ಯಗಳಲ್ಲೊಂದು. 1856ರ ಅಧಿನಿಯಮದ ಆಶಯಕ್ಕೆ ನಮ್ಮಲ್ಲಿ ಅತ್ಯಂತ ಸಮೀಪವಾದುದು ಇದೇ ಕಾರ್ಯ. ಅದೇ ತೀರ್ಪಿನ ಮೇರೆಗೆ ಪೊಲೀಸ್ ದೂರು ಪ್ರಾಧಿಕಾರಗಳೂ ರಚನೆಯಾಗಬೇಕಾಗಿದ್ದು, ಕರ್ನಾಟಕವು 2012ರ ತಿದ್ದುಪಡಿಯ ಮೂಲಕ ಇವುಗಳಿಗೆ ಕರ್ನಾಟಕ ಪೊಲೀಸ್ ಅಧಿನಿಯಮ, 1963ರಲ್ಲಿ ಅವಕಾಶ ಕಲ್ಪಿಸಿದೆ. ಪ್ರಾಧಿಕಾರಗಳು ನೋಡುವುದು ಪೊಲೀಸ್ ಸಿಬ್ಬಂದಿಯ ಗಂಭೀರ ದುರ್ನಡತೆಯನ್ನು. ಭ್ರಷ್ಟಾಚಾರ ಮತ್ತು ದುರಾಡಳಿತಕ್ಕೆ ಲೋಕಾಯುಕ್ತ, ಮಾನವ ಹಕ್ಕುಗಳ ಉಲ್ಲಂಘನೆಗೆ ರಾಜ್ಯ ಮಾನವ ಹಕ್ಕುಗಳ ಆಯೋಗ ಇವೆ. ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರು ಯಾವುದೇ ಇಲಾಖೆಯ ಕಾರ್ಯಕ್ಷಮತೆಯ ಲೆಕ್ಕಪರಿಶೋಧನೆ ನಡೆಸಬಹುದಾಗಿದ್ದು, ರಾಜ್ಯಕ್ಕೆ ಸಂಬಂಧಿಸಿದ ಅವರ ವರದಿಗಳನ್ನು ಸಂವಿಧಾನದ 151ನೇ ಅನುಚ್ಛೇದದಂತೆ ವಿಧಾನಮಂಡಲದ ಮುಂದೆ ಮಂಡಿಸಲಾಗುತ್ತದೆ. ಈ ವರದಿಗಳು ಸಾರ್ವಜನಿಕ ದಾಖಲೆಗಳು. ಓದುವವರು ಕಡಿಮೆ ಎಂಬುದು ಬೇರೆ ಮಾತು.

ಅಗ್ನಿಶಾಮಕ ಸೇವೆಗೆ ಸಂಬಂಧಿಸಿದಂತೆ 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಸಂಭವಿಸಿದ ಅವಘಡವು ರಾಜ್ಯದ ಜನರ ನೆನಪಿನಲ್ಲಿರುವುದು. ಅಂದು 9 ಜನರು ಮೃತಪಟ್ಟರು. ಜೀವಕ್ಕೆ ಎರವಾದುದು ಉರಿಗಿಂತ ಹೆಚ್ಚಾಗಿ ಮೆಟ್ಟಿಲುಗಳನ್ನು ತುಂಬಿದ ದಟ್ಟ ಹೊಗೆ. ಉಸಿರಾಡಲಾಗದೆ ಕೆಲವರು ಮೇಲಿನಿಂದ ಹಾರಿದರು. ನಿರಾಕ್ಷೇಪಣಾ ಪತ್ರವನ್ನು ಕಡತಕ್ಕೆ ಸೇರಿಸಬೇಕಾದ ಕಾಗದವೆಂದು ಭಾವಿಸುವ ಅರ್ಜಿದಾರರು, ಆ ಪತ್ರದ ಷರತ್ತುಗಳಲ್ಲಿರುವ ಮೆಟ್ಟಿಲು, ಬಾಗಿಲು, ಹೊಗೆ ಹೊರಹೋಗುವ ದಾರಿ ಎಂಬ ಪದಗಳ ಅರ್ಥವನ್ನು ಈ ಘಟನೆಯಿಂದ ತಿಳಿಯಬಹುದು. ಕರ್ನಾಟಕ ಅಗ್ನಿಶಾಮಕ ದಳ ಅಧಿನಿಯಮ, 1964ರ ಅಡಿಯಲ್ಲಿ ಕಾರ್ಯನಿರ್ವಹಿಸುವ ಇಲಾಖೆಯನ್ನು ಹೊರಗಿನಿಂದ ನಿಯತವಾಗಿ ನೋಡುವುದಕ್ಕೆಂದೇ ಬೇರೆ ಪರಿವೀಕ್ಷಣಾಲಯವಿಲ್ಲ.

ಸೇವೆ ಕೋರುವವರ ದೃಷ್ಟಿಯಿಂದ ರಾಜ್ಯದಲ್ಲಿ ಆದ ಮಹತ್ವದ ಬದಲಾವಣೆಯೆಂದರೆ ಸಕಾಲ. ಕರ್ನಾಟಕ ನಾಗರಿಕರಿಗೆ ಸೇವೆಗಳ ಖಾತರಿ ಅಧಿನಿಯಮ, 2011ರ ಅಡಿಯಲ್ಲಿ 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಅಧಿಸೂಚಿತ ಸೇವೆಗಳಿಗೆ ಕಾಲಮಿತಿ ಇದೆ, ಅರ್ಜಿಗೆ ಸ್ವೀಕೃತಿ ಸಂಖ್ಯೆ ಇದೆ. ವಿಳಂಬವಾದಲ್ಲಿ ಮೇಲ್ಮನವಿ ಸಲ್ಲಿಸಬಹುದಾಗಿದ್ದು, ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಗಳ ಪರಿಹಾರ ವೆಚ್ಚವನ್ನು ಪಡೆಯಲು ಅವಕಾಶವಿದೆ. ಸಕಾಲವು ದಿನಗಳನ್ನು ಎಣಿಸುತ್ತದೆ. ಅರ್ಜಿಯ ಮೇಲೆ ನಡೆದ ಪರಿಶೀಲನೆ ನಿಜವಾಗಿಯೂ ನಡೆಯಿತೇ, ಕಟ್ಟಡಕ್ಕೆ ಅಧಿಕಾರಿಗಳು ಭೇಟಿ ನೀಡಿದರೇ ಎಂಬುದನ್ನು ದಿನಗಳ ಲೆಕ್ಕ ಹೇಳಲಾರದು. ಸ್ವೀಕೃತಿ ಸಂಖ್ಯೆಯನ್ನೇ ನೀಡದೆ ಅರ್ಜಿಯನ್ನು ಹಿಂದಿರುಗಿಸಿದಲ್ಲಿ ಅದು ಎಣಿಕೆಗೇ ಬರುವುದಿಲ್ಲ. ಮ್ಯಾಂಚೆಸ್ಟರಿನ ದಾಖಲಾಗದ ದೂರುಗಳ ಸ್ಥಿತಿಯೂ ಇದೇ ಆಗಿದ್ದಿತು. ಆದ್ದರಿಂದ ಅರ್ಜಿ ಸಲ್ಲಿಸಿದ ಪ್ರತಿಯೊಬ್ಬರೂ ಸ್ವೀಕೃತಿಯನ್ನು ಕೇಳಿ ಪಡೆಯತಕ್ಕದ್ದು. ತಮ್ಮ ಅರ್ಜಿಯ ಮೇಲಿನ ಟಿಪ್ಪಣಿ, ಸ್ಥಳ ಪರಿಶೀಲನಾ ವರದಿಗಳ ಪ್ರತಿಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಕೋರಬಹುದು.

ಠಾಣೆಯಲ್ಲಿ ನೀಡುವ ದೂರಿನ ವಿಷಯದಲ್ಲಿ ಕಾನೂನು ಇನ್ನೂ ಸ್ಪಷ್ಟವಾಗಿದೆ. ಸಂಜ್ಞೇಯ ಅಪರಾಧದ ಮಾಹಿತಿ ದೊರೆತಲ್ಲಿ ಪ್ರಥಮ ವರ್ತಮಾನ ವರದಿಯನ್ನು ದಾಖಲಿಸುವುದು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯವು ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲಿ ತೀರ್ಪು ನೀಡಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 173ನೇ ಪ್ರಕರಣದ ಮೇರೆಗೆ, ಅಪರಾಧ ನಡೆದ ಸ್ಥಳವು ಆ ಠಾಣೆಯ ಸರಹದ್ದಿಗೆ ಸೇರಿಲ್ಲವೆಂಬ ಕಾರಣಕ್ಕೆ ಮಾಹಿತಿಯನ್ನು ಸ್ವೀಕರಿಸದಿರುವಂತಿಲ್ಲ. ವಿದ್ಯುನ್ಮಾನ ಮಾಧ್ಯಮದ ಮೂಲಕವೂ ಮಾಹಿತಿ ನೀಡಬಹುದು. ಹಾಗೆ ನೀಡಿದವರು ಮೂರು ದಿನಗಳೊಳಗೆ ಸಹಿ ಮಾಡತಕ್ಕದ್ದು. ಮೂರು ವರ್ಷ ಅಥವಾ ಅದಕ್ಕೂ ಹೆಚ್ಚು, ಆದರೆ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ ಪೊಲೀಸ್ ಉಪ ಅಧೀಕ್ಷಕರ ಅನುಮತಿ ಪಡೆದು 14 ದಿನಗಳ ಪ್ರಾಥಮಿಕ ವಿಚಾರಣೆಗೆ ಅವಕಾಶವಿದೆ. ದಾಖಲಾದ ವರದಿಯ ಪ್ರತಿಯನ್ನು ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ಉಚಿತವಾಗಿ ನೀಡಬೇಕು. ಅಸಂಜ್ಞೇಯ ಸ್ವರೂಪದ ದೂರಾದಲ್ಲಿ ಅದರ ಸಾರಾಂಶವನ್ನು ವಹಿಯಲ್ಲಿ ನಮೂದಿಸಬೇಕಾಗಿದ್ದು, ದೂರುದಾರರು ಠಾಣೆಯ ಹಿಂಬರಹವನ್ನು ಕೇಳಿ ಪಡೆದುಕೊಳ್ಳುವುದು ಸೂಕ್ತ. ದಾಖಲಿಸಲು ಠಾಣಾಧಿಕಾರಿಗಳು ನಿರಾಕರಿಸಿದಲ್ಲಿ ದೂರಿನ ಸಾರಾಂಶವನ್ನು ಲಿಖಿತವಾಗಿ ಅಂಚೆಯ ಮೂಲಕ ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಕಳುಹಿಸಬಹುದು. ಅಲ್ಲಿಯೂ ಕ್ರಮ ಜರುಗದಿದ್ದಲ್ಲಿ ದಂಡಾಧಿಕಾರಿಗಳ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದು. ಅಂಚೆ ರಸೀದಿ ಮತ್ತು ದೂರಿನ ನಕಲನ್ನು ಆ ಅರ್ಜಿಯೊಂದಿಗೆ ಲಗತ್ತಿಸಬೇಕಾಗುವುದರಿಂದ ಅವುಗಳನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.